ಮಾಯುವ ಪಿಕಾಸಿ

ಬಹಳ ಹಿಂದೆ, ಬೆಟ್ಟಗಳು ಮನುಷ್ಯರ ಕೂಗಿಗೆ ಓಗೊಡುತ್ತಿದ್ದ ಕಾಲದಲ್ಲಿ, ತೊರೆಗಲ್ಲು ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಒಂದು ವಿಶೇಷ. ಯಾರಾದರೂ ಕಷ್ಟದ ಕೆಲಸವೊಂದನ್ನು ಮಾಡಿ ಮುಗಿಸಿದರೆ ನೆಲದಿಂದ ಹಸಿರು ಮಿಣುಕುಗಳು ಎದ್ದು ಬಂದು ಅವರ ಮೈ ಸೇರುತ್ತಿದ್ದವು. ದೊಡ್ಡ ಮರ ಕಡಿದವನಿಗೆ ಒಂದು ಹಿಡಿ, ಹುಲಿ ಓಡಿಸಿದವನಿಗೆ ಒಂದು ಮೊರ. ಹೀಗೆ ಮಿಣುಕು ಕೂಡಿಸಿಕೊಂಡವರು ತಮ್ಮ ಕತ್ತಿಗೋ ಕೊಡಲಿಗೋ ಮಂತ್ರದ ಬರಹ ಬರೆಸಿಕೊಳ್ಳಬಹುದಿತ್ತು.

ಆ ರಾಜ್ಯದ ಕಪ್ಪುಬೆಟ್ಟದ ಬುಡದಲ್ಲಿ ಜಕ್ಕವ್ವ ಎಂಬ ಹೆಣ್ಣುಮಗಳು ಕುಲುಮೆ ಇಟ್ಟುಕೊಂಡಿದ್ದಳು. ಬೆಟ್ಟದೊಳಗೆ ಹರಳು ಅಗೆಯುವವರು ಮೊಂಡಾದ ಪಿಕಾಸಿ, ಬಾಗಿದ ಹಾರೆ ತಂದುಕೊಟ್ಟರೆ ಕಾಯಿಸಿ, ಬಡಿದು, ಹದ ಹಾಕಿ ಕೊಡುತ್ತಿದ್ದಳು. ಅವಳ ಗಂಡ ಕೇತಣ್ಣನೂ ಆ ಅಗೆಯುವವರಲ್ಲಿ ಒಬ್ಬ. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು "ಬರ್ತೀನಿ ಜಕ್ಕಿ" ಅನ್ನುತ್ತಿದ್ದ. ಅವಳು ಕುಲುಮೆಗೆ ಗಾಳಿ ಊದುವ ತಿದಿ ಒತ್ತುತ್ತಲೇ "ಹೂಂ" ಅನ್ನುತ್ತಿದ್ದಳು. ಕೆಲಸದ ಗಡಿಬಿಡಿಯಲ್ಲಿ ತಲೆಯೆತ್ತಿ ನೋಡುತ್ತಿರಲಿಲ್ಲ. ನೋಡಬೇಕು ಅಂತ ಅನ್ನಿಸಿಯೂ ಇರಲಿಲ್ಲ.

ಒಂದು ದಿನ ಕಾರಿಗನೆಂಬ ಮಾಯಾವಿ ಬಂದ. ಬೆಟ್ಟದ ಹೊಟ್ಟೆಯ ಹರಳೆಲ್ಲ ತನ್ನದಾಗಬೇಕೆಂದು ಅವನ ಆಸೆ. ಕೇತಣ್ಣನೂ ಸೇರಿದಂತೆ ಒಳಗೆ ಕೆಲಸ ಮಾಡುತ್ತಿದ್ದ ಮೂವತ್ತು ಜನರನ್ನೂ ಒಳಗೇ ಕೂಡಿಹಾಕಿ ಗುಹೆಯ ಬಾಯಿಗೆ ಕರಿಗಲ್ಲಿನ ಗೋಡೆ ಎಬ್ಬಿಸಿದ. ಒಂಬತ್ತು ಮಾರು ದಪ್ಪದ ಗೋಡೆ. ಒಳಗಿದ್ದವರಿಗೆ ಹಸಿವಾಗದಂತೆ, ನಿದ್ದೆ ಬಾರದಂತೆ ಮಾಡಿ ಹಗಲೂ ರಾತ್ರಿ ಅಗೆಸಿದ. ಗುಹೆಗೆ ಹೋಗುವ ದಾರಿಯನ್ನು ಮಾಯೆಯಿಂದ ಒಂದು ದಿನದ ದಾರಿಯಾಗಿ ಹಿಗ್ಗಿಸಿ, ಅಲ್ಲಿ ಕೆಂಡದ ಮರಳು ಹರಡಿದ. ಮರಳಿನಾಚೆ ಕಬ್ಬಿಣದ ಹಂದಿಯೊಂದನ್ನು ಕಾವಲಿಟ್ಟ. ಆ ಗೋಡೆ ನಿಂತಿರುವವರೆಗೆ ಮುನ್ನೂರು ವರ್ಷದ ಕಾರಿಗನಿಗೆ ಮುಪ್ಪಿರಲಿಲ್ಲ, ಸಾವಿರಲಿಲ್ಲ.

ಗೋಡೆಗೊಂದು ಮಾಯೆಯಿತ್ತು. ಅದನ್ನು ಒಡೆಯಲು ಬಂದವರು ಸೂರ್ಯ ಮುಳುಗುವುದರೊಳಗೆ ಮುಗಿಸಬೇಕು, ಇಲ್ಲವಾದರೆ ಅಗೆದಷ್ಟೂ ಮತ್ತೆ ತುಂಬಿಕೊಳ್ಳುತ್ತಿತ್ತು. ನಡುವೆ ಆಯುಧ ಮುರಿದರಂತೂ ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿಕೊಳ್ಳುತ್ತಿತ್ತು. ಅರಸ ತನ್ನ ಮೂವರು ವೀರರನ್ನು ಒಬ್ಬರಾದ ಮೇಲೊಬ್ಬರಂತೆ ಕಳಿಸಿದ. ಮೂವರೂ ಹರಿತದ ಬರಹ ಬರೆಸಿಕೊಂಡು ಹೋದರು. ಮೊದಲನೆಯವನು ಮರಳಿನಲ್ಲಿ ಕಾಲು ಸುಟ್ಟುಕೊಂಡು ಬಂದ. ಎರಡನೆಯವನು ಹಂದಿಯಿಂದ ಪಕ್ಕೆ ಮುರಿಸಿಕೊಂಡು ಬಂದ. ಮೂರನೆಯವನು ಗೋಡೆ ಮುಟ್ಟಿದ, ಒಂದು ಮಾರು ಅಗೆದ, ಪಿಕಾಸಿ ಮುರಿಯಿತು. ಬರೀ ಹಿಡಿ ಹಿಡಿದುಕೊಂಡು ವಾಪಸು ಬಂದ. ಅಲ್ಲಿಗೆ ಅರಸನೂ ಕೈಚೆಲ್ಲಿದ.

ಜಕ್ಕವ್ವ ಕೈಚೆಲ್ಲಲಿಲ್ಲ. ಅವಳ ಮನೆಯ ಹಿಂದೆಯೇ ಬೆಟ್ಟದ ಬಂಡೆ. ದಿನಾ ಮಧ್ಯಾಹ್ನ ಕುಲುಮೆ ಆರಿಸಿ, ಹೋಗಿ ಆ ಬಂಡೆಗೆ ಕಿವಿಯಿಟ್ಟು ನಿಲ್ಲುತ್ತಿದ್ದಳು. ಆಳದಲ್ಲಿ ಮೂವತ್ತು ಪಿಕಾಸಿಗಳ ಸದ್ದು. ಅವುಗಳಲ್ಲಿ ಗಂಡನದು ಯಾವುದೆಂದು ಅವಳಿಗೆ ಗೊತ್ತಾಗುತ್ತಿತ್ತು. ಅದಕ್ಕೆ ಹದ ಹಾಕಿದವಳು ಅವಳೇ ಅಲ್ಲವೇ? ಆ ಸದ್ದು ಕೇಳಿದರೆ ಎದೆ ತುಂಬಿಬರುತ್ತಿತ್ತು, ಕೇಳದಿದ್ದರೆ ಎದೆ ಒಡೆಯುವಂತಾಗುತ್ತಿತ್ತು. ತಲೆಯೆತ್ತಿ ನೋಡದೆ ಕಳೆದ ಬೆಳಗುಗಳೆಲ್ಲ ಒಂದೊಂದಾಗಿ ನೆನಪಿಗೆ ಬರುತ್ತಿದ್ದವು. ಹೀಗೆ ಆರು ವರ್ಷ.

ಏಳನೆಯ ವರ್ಷದ ಒಂದು ಮಧ್ಯಾಹ್ನ ಆ ಸದ್ದು ತಡವಾಗಿ ಬಂತು. ಬಂದರೂ ಬಲವಿರಲಿಲ್ಲ. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಮೂರು ಉಸಿರಿನಷ್ಟು ಹೊತ್ತು.

ಜಕ್ಕವ್ವ ಅವತ್ತೇ ಕುಲುಮೆಗೆ ಬೆಂಕಿ ಹಾಕಿದಳು. ಒಂದು ಪಿಕಾಸಿ ಬಡಿದಳು, ಒಂದು ಗುರಾಣಿ ಬಡಿದಳು, ಕಾಲಿಗೆ ದಪ್ಪ ಅಟ್ಟೆಯ ಜೋಡು ಹೊಲಿದಳು. ಮೂರನ್ನೂ ಹೊತ್ತುಕೊಂಡು ಮಂತ್ರದ ಬರಹ ಬರೆಯುವ ಸಾತವ್ವಜ್ಜಿಯ ಮನೆಗೆ ಹೋದಳು.

ಸಾತವ್ವಜ್ಜಿಯ ಮನೆಯಲ್ಲಿ ಗೋಡೆಯೇ ಕಾಣದಷ್ಟು ಓಲೆಗರಿಯ ಕಟ್ಟುಗಳು. ನಡುವೆ ಒಂದು ಕಲ್ಲಿನ ಮಣೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು.

"ಏನು ಬರೀಬೇಕು ಮಗಳೇ?"

"ಬರೆಸೋ ಆಸೆಯೇನೋ ಇದೆ ಅಜ್ಜಿ. ಆದರೆ ನನ್ನ ಹತ್ರ ಮಿಣುಕೆಲ್ಲಿದೆ? ನಾನು ಹುಲಿ ಓಡಿಸಿದವಳಲ್ಲ. ಆರು ವರ್ಷದಿಂದ ಕಾದಿದ್ದೊಂದೇ ನಾನು ಮಾಡಿದ್ದು."

ಅಜ್ಜಿ ಅವಳ ಅಂಗೈ ಹಿಡಿದು ಒತ್ತಿದಳು. ಬೆರಳ ಸಂದಿಯಿಂದ ಹಸಿರು ಬೆಳಕು ಚೆಲ್ಲಿತು. ಮನೆಯೆಲ್ಲ ಬೆಳಗಿತು.

"ಕಾಯೋದು ಕಷ್ಟದ ಕೆಲಸ ಅಲ್ಲ ಅಂತ ನಿನಗೆ ಯಾರು ಹೇಳಿದ್ದು? ಇಷ್ಟು ಮಿಣುಕು ನಾನು ಯಾವ ವೀರನ ಮೈಯಲ್ಲೂ ಕಂಡಿಲ್ಲ. ಎಲ್ಲಾ ಹಂಬಲದ ಮಿಣುಕು. ಸರಿ, ಕೂತ್ಕೋ. ಒಂದು ವಸ್ತುವಿಗೆ ಒಂದೇ ಬರಹ ನಿಲ್ಲುತ್ತೆ. ಯೋಚನೆ ಮಾಡಿ ಹೇಳು."

ಜಕ್ಕವ್ವ ಮೊದಲು ಮಣೆಯ ಮೇಲೆ ಜೋಡು ಇಟ್ಟಳು.

"ಓಟದ ಬರಹ ಬರೆದರೆ ಗಾಳಿ ಹಾಗೆ ಓಡ್ತೀಯ," ಅಂದಳು ಅಜ್ಜಿ. "ಗಟ್ಟಿ ಬರಹ ಬರೆದರೆ ಮೂರರಷ್ಟು ಬಾಳಿಕೆ ಬರುತ್ತೆ."

"ಈ ಅಟ್ಟೆ ಆ ಮರಳಿನ ಮೂರನೇ ಒಂದು ಪಾಲು ತಡೆದುಕೊಳ್ಳುತ್ತೆ," ಅಂದಳು ಜಕ್ಕವ್ವ. "ಓಡಿದರೆ ಇನ್ನೂ ಬೇಗ ಸವೆಯುತ್ತೆ. ಗಟ್ಟಿ ಬರಹವೇ ಇರಲಿ."

ಆಮೇಲೆ ಗುರಾಣಿ ಇಟ್ಟಳು.

"ಮುಳ್ಳಿನ ಬರಹ ಬರೆದರೆ ಹೊಡೆದವರಿಗೇ ಹೊಡೆತ ತಿರುಗುತ್ತೆ. ನೋಡೋಕೆ ಚೆನ್ನ. ಆದರೆ ಒಂದೊಂದು ಪೆಟ್ಟಿಗೂ ಗುರಾಣಿ ಎರಡರಷ್ಟು ಸವೆಯುತ್ತೆ."

"ನಾನು ಹಂದಿಗೆ ನೋವು ಕೊಡೋಕೆ ಹೋಗ್ತಿಲ್ಲ. ಅದನ್ನ ದಾಟಿಕೊಂಡು ಹೋಗಬೇಕು, ಅಷ್ಟೆ. ಇದಕ್ಕೂ ಗಟ್ಟಿ ಬರಹ."

ಕೊನೆಗೆ ಪಿಕಾಸಿ ಇಟ್ಟಳು.

"ನನ್ನ ಪಿಕಾಸಿ ಆ ಕಲ್ಲಿನಲ್ಲಿ ಎರಡು ಮಾರು ಹೋಗುತ್ತೆ ಅಜ್ಜಿ. ಗಟ್ಟಿ ಬರಹ ಇದ್ದರೆ ಆರು ಮಾರು. ಗೋಡೆ ಇರೋದು ಒಂಬತ್ತು ಮಾರು."

ಅಜ್ಜಿ ಎದ್ದು ಹೋಗಿ, ಮೂಲೆಯಿಂದ ಕಪ್ಪಗಾದ ಓಲೆಯೊಂದನ್ನು ತಂದಳು.

"ಮಾಯುವ ಬರಹ ಅಂತ ಒಂದಿದೆ. ಗಾಯ ಮಾಯುವ ಹಾಗೆ ಪಿಕಾಸಿ ತನ್ನಷ್ಟಕ್ಕೆ ತಾನೇ ಮಾಯುತ್ತೆ. ಎಷ್ಟು ಸವೆದರೂ ಮತ್ತೆ ತುಂಬಿಕೊಳ್ಳುತ್ತೆ. ಆದರೆ ತುಂಬಿಕೊಳ್ಳೋಕೆ ಅದಕ್ಕೆ ಮಿಣುಕು ಬೇಕು. ಹಿಡಿದವರ ಮೈಯಿಂದಲೇ ತಗೊಳ್ಳುತ್ತೆ. ನಿನ್ನ ಮೈಯಲ್ಲಿರೋದು ಹಂಬಲದ ಮಿಣುಕು. ಅರ್ಥ ಆಯ್ತಾ?"

"ಅದು ಖಾಲಿಯಾದರೆ ಅವರನ್ನ ಮರೆತುಬಿಡ್ತೀನಾ?"

"ಮರೆಯಲ್ಲ. ಹೆಸರು, ಮುಖ, ಮಾತು ಎಲ್ಲಾ ನೆನಪಿರುತ್ತೆ. ಬೇಕು ಅನ್ನಿಸೋದಿಲ್ಲ, ಅಷ್ಟೆ. ಗೋಡೆ ಒಡೆದು ಒಳಗೆ ಹೋದಾಗ ನಿನ್ನ ಗಂಡ ಯಾರೋ ಪಕ್ಕದ ಮನೆಯವನ ಹಾಗೆ ಕಾಣಬಹುದು."

ಆರು ವರ್ಷದಿಂದ ಜಕ್ಕವ್ವನ ಹತ್ತಿರ ಇದ್ದದ್ದು ಆ ಹಂಬಲ ಒಂದೇ. ಎದ್ದಾಗ ಅದರ ಜೊತೆ ಎದ್ದಿದ್ದಳು, ಮಲಗುವಾಗ ಅದನ್ನು ತಬ್ಬಿಕೊಂಡು ಮಲಗಿದ್ದಳು. ಗಂಡ ಇಲ್ಲದ ಮನೆಯಲ್ಲಿ ಗಂಡನ ಬದಲಿಗೆ ಇದ್ದದ್ದೇ ಅದು.

"ಬರೀರಿ ಅಜ್ಜಿ," ಅಂದಳು.

ಮರುದಿನ ನಸುಕಿನಲ್ಲಿ ಹೊರಟಳು. ಮೊದಲ ದಿನ ಕೆಂಡದ ಮರಳು. ಕಾಲಿಟ್ಟಲ್ಲೆಲ್ಲ ಚುರ್ ಎಂದು ಹೊಗೆ. ಓಡಬೇಕೆಂದು ಕಾಲು ಚಡಪಡಿಸಿದರೂ ಅವಳು ಓಡಲಿಲ್ಲ. ಒಂದೇ ಸಮ ನಡೆದಳು. ಸಂಜೆಗೆ ಮರಳು ಮುಗಿಯಿತು. ಜೋಡಿನ ಅಟ್ಟೆ ವೀಳ್ಯದೆಲೆಯಷ್ಟು ತೆಳುವಾಗಿತ್ತು, ಆದರೆ ಹರಿದಿರಲಿಲ್ಲ.

ಎರಡನೆಯ ದಿನ ಕಬ್ಬಿಣದ ಹಂದಿ. ಎತ್ತಿನಷ್ಟು ಎತ್ತರ, ಕುಡುಗೋಲಿನಂಥ ಕೋರೆ. ದೂಳೆಬ್ಬಿಸಿಕೊಂಡು ನುಗ್ಗಿ ಬಂದು ಗುರಾಣಿಗೆ ಹಾಯ್ದಿತು. ಜಕ್ಕವ್ವ ಎರಡು ಹೆಜ್ಜೆ ಹಿಂದೆ ಬಿದ್ದಳು, ಎದ್ದು ಮೂರು ಹೆಜ್ಜೆ ಮುಂದೆ ಇಟ್ಟಳು. ಮತ್ತೆ ಹಾಯ್ದಿತು. ಮತ್ತೆ ಬಿದ್ದಳು, ಮತ್ತೆ ಎದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಹಂದಿಯ ಕೋರೆ ಮೊಂಡಾಗುತ್ತಿತ್ತು. ಗುರಾಣಿಗೆ ಬರಹವಿತ್ತು, ಹಂದಿಗೆ ಇರಲಿಲ್ಲ. ಕಾರಿಗ ಕಾವಲುಗಾರನನ್ನು ಮಾಡಿದ್ದ, ಬಾಳಿಕೆಯ ಯೋಚನೆ ಮಾಡಿರಲಿಲ್ಲ.

"ಬಾರಪ್ಪ, ಬಾ," ಅಂದಳು ಜಕ್ಕವ್ವ. "ಎಷ್ಟು ಸಲ ಬರ್ತೀಯೋ ಬಾ."

ಹೊತ್ತು ಇಳಿಯುವ ಹೊತ್ತಿಗೆ ಕೋರೆ ಎರಡೂ ಉದುರಿದವು. ಕಬ್ಬಿಣದ ಮೈ ಬಿರುಕುಬಿಟ್ಟು ಚೂರುಚೂರಾಯಿತು. ಒಳಗಿಂದ ಒಂದು ಪುಟ್ಟ ಕಾಡುಹಂದಿಯ ಮರಿ ಈಚೆ ಬಂದು, ಮೈ ಕೊಡವಿಕೊಂಡು, ಪೊದೆಯ ಕಡೆ ಓಡಿಹೋಯಿತು.

ಮೂರನೆಯ ದಿನ ಸೂರ್ಯ ಮೂಡಿದ ಕೂಡಲೇ ಗೋಡೆಗೆ ಮೊದಲ ಪೆಟ್ಟು ಹಾಕಿದಳು. ಒಂದು ಮಾರು, ಎರಡು ಮಾರು. ಪಿಕಾಸಿಯ ಮೊನೆ ಸವೆದು ಸವೆದು ಹೆಬ್ಬೆರಳಿನಷ್ಟಾಯಿತು. ಆಗ ಅವಳ ಎದೆಯಿಂದ ಮಿಣುಕುಗಳು ತೋಳಿಗಿಳಿದು, ತೋಳಿನಿಂದ ಹಿಡಿಗೆ ಹರಿದು, ಮೊನೆಗೆ ಬಂದು ಸೇರಿದವು. ಮೊನೆ ಚಿಗುರಿದ ಹಾಗೆ ಬೆಳೆಯಿತು. ಅದೇ ಗಳಿಗೆಗೆ ಆರು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಏನೋ ಒಂದು ಸಡಿಲವಾಯಿತು.

ಮೂರು ಮಾರು, ನಾಲ್ಕು, ಐದು. ಬಂಡೆಗೆ ಕಿವಿಯಿಟ್ಟು ನಿಂತ ಮಧ್ಯಾಹ್ನಗಳು ನೆನಪಾದವು. ಯಾರೋ ಹೇಳಿದ ಸಂಗತಿಯಂತೆ ನೆನಪಾದವು.

ಆರನೆಯ ಮಾರಿಗೆ ಕಲ್ಲಿನೊಳಗಿಂದ ಕಾರಿಗ ಮಾತಾಡಿದ.

"ಜಕ್ಕವ್ವಾ, ನಿನಗೆ ಬುದ್ಧಿ ಇದೆಯೇ? ನೀನು ಅಗೆಯುತ್ತಿರುವುದು ನನ್ನ ಗೋಡೆಯನ್ನಲ್ಲ, ನಿನ್ನ ಎದೆಯನ್ನು. ಪಿಕಾಸಿ ಕೆಳಗಿಡು. ಉಳಿದಷ್ಟು ಹಂಬಲ ಇಟ್ಟುಕೊಂಡು ಮನೆಗೆ ಹೋಗು. ದಿನಾ ಅವನ ಸದ್ದು ಕೇಳು. ಅದೂ ಒಂದು ಸುಖವಲ್ಲವೇ?"

ಜಕ್ಕವ್ವನ ಕೈ ನಿಂತಿತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬಂಡೆಗೆ ಕಿವಿಯಿಟ್ಟು ನಿಂತಾಗ ಅವಳಿಗೆ ನಿಜವಾಗಿಯೂ ಒಂದು ಸುಖವಾಗುತ್ತಿತ್ತು. ಇನ್ನು ಅದು ಸಿಗಲಾರದು.

"ನನ್ನ ಹಂಬಲ ಹೋದರೆ ಹೋಗಲಿ," ಅಂದಳು. "ಅವರು ಹೊರಗೆ ಬರಲಿ."

ಏಳನೆಯ ಮಾರಿಗೆ ಕಣ್ಣೀರು ನಿಂತಿತು. ಎಂಟನೆಯ ಮಾರಿಗೆ, ತಾನು ಯಾಕೆ ಇಷ್ಟು ಕಷ್ಟಪಡುತ್ತಿದ್ದೇನೆ ಅಂತ ಆಶ್ಚರ್ಯವಾಯಿತು. ಮನಸ್ಸಿನಲ್ಲಿ ಕೇತಣ್ಣನ ಮುಖ ಇತ್ತು, ಅದನ್ನು ಕಂಡರೆ ಏನೂ ಆಗುತ್ತಿರಲಿಲ್ಲ. ಆದರೂ ಕೈ ನಿಲ್ಲಲಿಲ್ಲ. ಕುಲುಮೆಯಲ್ಲಿ ಕಾದ ಕಬ್ಬಿಣವನ್ನು ಅರ್ಧಕ್ಕೆ ಬಿಟ್ಟು ಎದ್ದವಳಲ್ಲ ಅವಳು. ಒಳಗೆ ಮೂವತ್ತು ಜನ ಇದ್ದರು. ಹಿಡಿದ ಕೆಲಸ ಮುಗಿದಿರಲಿಲ್ಲ. ಸೂರ್ಯನ ಕೆಳಗಂಚು ಬೆಟ್ಟಕ್ಕೆ ತಾಗಿತು. ಕೊನೆಯ ಮಿಣುಕು ಮೊನೆಗಿಳಿಯಿತು. ಕೊನೆಯ ಪೆಟ್ಟು ಬಿತ್ತು.

ಗೋಡೆ ಉರುಳಿತು. ಕಾರಿಗನಿಗೆ ಮುನ್ನೂರು ವರ್ಷದ ಮುಪ್ಪು ಒಂದೇ ಉಸಿರಿಗೆ ಬಂತು. ಕೂದಲು ನರೆಯಿತು, ಬೆನ್ನು ಬಾಗಿತು, ಮೂಳೆ ಪುಡಿಯಾಯಿತು, ಗಾಳಿ ಬೀಸಿ ಆ ಪುಡಿಯನ್ನೂ ಹೊತ್ತೊಯ್ಯಿತು.

ಮೂವತ್ತು ಜನ ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು ಹೊರಗೆ ಬಂದರು. ಕೊನೆಯಲ್ಲಿ ಕೇತಣ್ಣ ಬಂದ. ಗಡ್ಡ ಎದೆಗಿಳಿದಿತ್ತು.

"ಜಕ್ಕಿ?" ಅಂದ. ಧ್ವನಿ ಒಡೆಯಿತು.

ಅವಳು ನೋಡಿದಳು. ಪರಿಚಯದವರನ್ನು ನೋಡುವ ಹಾಗೆ ನೋಡಿದಳು.

"ಹುಷಾರಾಗಿದ್ದೀರಾ?" ಅಂದಳು. ಆಮೇಲೆ, ಮುಚ್ಚಿಡುವುದು ಸರಿಯಲ್ಲ ಅನ್ನಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ನನ್ನೊಳಗಿದ್ದ ಹಂಬಲ ಎಲ್ಲಾ ಈ ಪಿಕಾಸಿ ತಿಂದುಬಿಡ್ತು. ನೀವು ಬೇಜಾರು ಮಾಡ್ಕೋಬೇಡಿ."

ಕೇತಣ್ಣ ಸವೆದ ಅವಳ ಜೋಡು ನೋಡಿದ, ನೆಗ್ಗಿದ ಗುರಾಣಿ ನೋಡಿದ, ಬೊಬ್ಬೆ ಎದ್ದ ಅಂಗೈ ನೋಡಿದ. ಕಣ್ಣೊರೆಸಿಕೊಂಡ.

"ಆರು ವರ್ಷ ನೀನು ಕಾದೆ," ಅಂದ. "ಈಗ ನಾನು ಕಾಯ್ತೀನಿ. ಸದ್ಯಕ್ಕೆ ಹಸಿವಾಗಿದೆ. ಮನೆಗೆ ಹೋಗೋಣ."

ಮಾಯಾವಿ ಸತ್ತಿದ್ದರಿಂದ ಮರಳು ತಣ್ಣಗಾಗಿತ್ತು. ಎಲ್ಲರೂ ಊರು ಸೇರಿದರು. ಅರಸ ಜಕ್ಕವ್ವನಿಗೆ ಚಿನ್ನದ ಕಡಗ ತೊಡಿಸಿದ. ಜನ ಹಬ್ಬ ಮಾಡಿದರು. ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದರು. ಅವಳು ಬಡಿಸುತ್ತಿದ್ದಳು, ಅವನು ಉಣ್ಣುತ್ತಿದ್ದ. ಅವನು ತಿದಿ ಒತ್ತುತ್ತಿದ್ದ, ಅವಳು ಬಡಿಯುತ್ತಿದ್ದಳು. ಜಗಳವಿರಲಿಲ್ಲ. ಅದಕ್ಕಿಂತ ಹೆಚ್ಚಿನದೂ ಇರಲಿಲ್ಲ. ಒಂದೊಂದು ಸಲ ಅವನು ಅವಳನ್ನೇ ನೋಡುತ್ತ ಕೂತಿರುವುದನ್ನು ಕಂಡು ಜಕ್ಕವ್ವನಿಗೆ ಅಯ್ಯೋ ಅನ್ನಿಸುತ್ತಿತ್ತು. ಅಯ್ಯೋ ಅನ್ನಿಸುತ್ತಿತ್ತು, ಅಷ್ಟೆ.

ನಾಲ್ಕು ತಿಂಗಳಾದ ಮೇಲೆ ಕುಲುಮೆಗೆ ಕಬ್ಬಿಣ ತರಲೆಂದು ಕೇತಣ್ಣ ಕತ್ತೆ ಹೊಡೆದುಕೊಂಡು ಹೊಳೆಯಾಚೆಯ ಊರಿಗೆ ಹೋದ. ಮೂರು ದಿನದಲ್ಲಿ ಬರುತ್ತೇನೆ ಅಂದಿದ್ದ. ಮೊದಲ ದಿನ ಜಕ್ಕವ್ವ ಎಂದಿನಂತೆ ಕೆಲಸ ಮಾಡಿದಳು. ಎರಡನೆಯ ದಿನ ಇಬ್ಬರಿಗಾಗುವಷ್ಟು ಅನ್ನ ಮಾಡಿಬಿಟ್ಟಳು. ಮೂರನೆಯ ದಿನ ಕುಡುಗೋಲೊಂದನ್ನು ಕಾಯಲಿಟ್ಟು, ಮನಸ್ಸು ಎಲ್ಲೋ ಹೋಗಿ, ಕಬ್ಬಿಣ ಸೀದುಹೋಯಿತು. ಅವಳ ಕೈಯಲ್ಲಿ ಅಂಥದ್ದು ಯಾವತ್ತೂ ಆಗಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಕುಲುಮೆಗೆ ಬೆಂಕಿಯನ್ನೇ ಹಾಕಲಿಲ್ಲ. ಊರ ಹೊರಗಿನ ಕೆರೆ ಏರಿಯ ಮೇಲೆ ಹೋಗಿ ನಿಂತಳು. ಕೂತಳು. ಮತ್ತೆ ಎದ್ದು ನಿಂತಳು. ದೂರದಲ್ಲಿ ದೂಳು ಕಂಡಾಗೆಲ್ಲ ಎದೆ ಹೊಡೆದುಕೊಂಡಿತು. ಅದು ಏನೆಂದು ಅವಳಿಗೆ ಕೂಡಲೇ ಗೊತ್ತಾಗಲಿಲ್ಲ.

ಮಧ್ಯಾಹ್ನಕ್ಕೆ ಕತ್ತೆಯ ಹಿಂದೆ ಕೇತಣ್ಣ ಕಾಣಿಸಿದ.

"ಮೂರು ದಿನ ಅಂದಿದ್ರಿ," ಅಂದಳು ಜಕ್ಕವ್ವ.

"ಹೊಳೆಗೆ ನೀರು ಬಂದಿತ್ತು. ಸುತ್ತಿ ಬರಬೇಕಾಯ್ತು."

"ಯಾರ ಕೈಲಾದರೂ ಹೇಳಿ ಕಳಿಸಬಾರದಿತ್ತಾ? ಇಲ್ಲಿ ಒಬ್ಬಳು ಇದ್ದಾಳೆ, ಕಾಯ್ತಾಳೆ ಅನ್ನೋ ಜ್ಞಾನ ಬೇಡ್ವಾ ನಿಮಗೆ?"

ಕೇತಣ್ಣ ಕತ್ತೆಯ ಹಗ್ಗ ಕೈಬಿಟ್ಟ.

"ಜಕ್ಕಿ, ಅಳ್ತಿದ್ದೀಯಾ?"

"ಇಲ್ಲ," ಅಂದಳು ಅವಳು, ಅಳುತ್ತ.

ಆಮೇಲೆ ತೊರೆಗಲ್ಲಿನ ಜನ ಉಂಡುಟ್ಟು ನೆಮ್ಮದಿಯಾಗಿ ಬಾಳಿದರು. ಜಕ್ಕವ್ವ, ಕೇತಣ್ಣ ಎಲ್ಲರಿಗಿಂತ ಹೆಚ್ಚು ಕಾಲ ಬಾಳಿದರು. ಅರಸ ಹೊಳೆಗೆ ಒಳ್ಳೆಯ ಸೇತುವೆ ಕಟ್ಟಿಸಿಕೊಟ್ಟ. ಅದಾದ ಮೇಲೂ ಕೇತಣ್ಣ ಆಗೀಗ ಒಂದು ದಿನ ತಡವಾಗಿಯೇ ಬರುತ್ತಿದ್ದನಂತೆ, ಬೈಸಿಕೊಳ್ಳುವ ಆಸೆಗೆ.