ಭೋಜರಾಜನ ರೆಕಾರ್ಡ್ ಪುಸ್ತಕ

ಮೈಸೂರಿನಿಂದ ಬಂದ ಭೋಜರಾಜ ನೆಟ್ಟಗೆ ಬಿಜೂರಿನ ತನ್ನ ಮನೆಗೆ ಹೋಗದೆ ನಮ್ಮೂರು ತ್ರಾಸಿಯಲ್ಲೇ ಬಸ್ಸಿಳಿದ. ನಾನು ಕುಂದಾಪುರದ ಬಸ್ಸಿಗೆ ಕಾಯುತ್ತಿದ್ದೆ. ಅವನ ಕಣ್ಣು ಕೆಂಪಗೆ, ಅಂಗಿ ಮುದ್ದೆ. ಆದರೂ ನನ್ನನ್ನು ಕಂಡದ್ದೇ ಕೂದಲು ಸರಿಮಾಡಿಕೊಂಡ. ಅಲ್ಲಿನ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಹೋಗಿಬರುತ್ತೇನೆ ಅನ್ನಲು ಇಳಿದಿದ್ದಾನೆ ಅಂದುಕೊಂಡೆ.

೧೯೬೮ರ ಮಾತು. ಕುಂದಾಪುರದ ಕಾಲೇಜಿನಲ್ಲಿ ನಾವಿಬ್ಬರೂ ಬಿ.ಎಸ್ಸಿ. ಮೊದಲ ವರ್ಷ ಮುಗಿಸಿದ್ದೆವು. ಭೋಜರಾಜ ಬೆಳಿಗ್ಗೆ ಗದ್ದೆ ಕೆಲಸ ಮಾಡಿ ಬಂದು ಲ್ಯಾಬಿನಲ್ಲಿ ನಿಂತಲ್ಲೇ ತೂಕಡಿಸುತ್ತಿದ್ದ. ಪಾಪ ಅನ್ನಿಸಿ ಅವನ ಬಾಟನಿ ರೆಕಾರ್ಡಿಗೆ ಒಂದು ಬೇರಿನ ಚಿತ್ರ ಬಿಡಿಸಿಕೊಟ್ಟೆ. ಆಮೇಲೆ ಕಾಂಡ, ಆಮೇಲೆ ಹೂವು. ವರ್ಷವಿಡೀ ಎರಡೆರಡು ರೆಕಾರ್ಡ್! ಮನೆಯಲ್ಲಿ ಅಕ್ಕಿ ಕಡೆದು, ದನಕ್ಕೆ ಹುಲ್ಲು ಹಾಕಿ ಕೂತರೆ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಅವನೇನೂ ಕೇಳಿರಲಿಲ್ಲ. ನನಗೇ ಹುಚ್ಚು.

ಮೈಸೂರಿನ ದೊಡ್ಡ ಕಾಲೇಜು ಎರಡನೇ ವರ್ಷಕ್ಕೆ ಹೊರಗಿನಿಂದ ಒಬ್ಬಿಬ್ಬರನ್ನೇ ಸೇರಿಸಿಕೊಳ್ಳುತ್ತಿತ್ತು. ಅವನು ಅರ್ಜಿ ಹಾಕಿದ, ನಾನು ಹಾಕಲಿಲ್ಲ. ಹೆಣ್ಣಿಗೆ ಮೈಸೂರು ಯಾಕೆ ಎಂದು ಮನೆಯವರು ಹೇಳುವ ಮೊದಲೇ ನಾನೇ ಹೇಳಿಕೊಂಡಿದ್ದೆ. ಜಗಳಕ್ಕೂ ಶಕ್ತಿ ಬೇಕಲ್ಲ.

"ಹ್ವಾಯ್, ಸೀಟ್ ಸಿಕ್ತಾ?"

"ನಂಗ್ ಸಿಕ್ಲಿಲ್ಲೆ."

ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ? ಮರುಕ್ಷಣ ನಾಚಿಕೆಯೂ ಆಯಿತು.

"ಎಂತ ಆಯ್ತ್?"

"ರೆಕಾರ್ಡ್ ಕಂಡ್ ಮೇಷ್ಟ್ರಿಗೆ ಭಾರೀ ಖುಷಿ. ಸೀಟ್ ನಿಂಗೇ ಅಂದ್ರ್. ಸರ್, ಚಿತ್ರ ಬರ್ದದ್ ನಾನಲ್ಲ ಅಂದೆ."

"ಎಂತಕ್ಕೆ ಹೇಳ್ದೆ ಮಾರಾಯಾ? ತಲೆ ಸಮ ಇತ್ತಾ ನಿಂಗೆ?"

"ಬಾಯಿಗ್ ಬಂತ್, ಹೇಳ್ದೆ. ಬರ್ದದ್ ಯಾರ್ ಅಂದ್ರ್. ತ್ರಾಸಿ ಗಿರಿಜಾ ಅಂದೆ. ಅವ್ಳ್ ಎಂತಕ್ಕೆ ಬರ್ಲಿಲ್ಲೆ ಅಂದ್ರ್. ಹಾಂಗಾರೆ ಅವ್ಳಿಗೊಂದ್ ಅರ್ಜಿ ಕೊಡಿ ಅಂದೆ."

ಚೀಲದಿಂದ ಒಂದು ಅರ್ಜಿ ತೆಗೆದ. ಅಪ್ಪಯ್ಯನ ಸೈ ಹಾಕಿಸಿ, ನನ್ನ ರೆಕಾರ್ಡ್ ಹಿಡಿದುಕೊಂಡು ಸೋಮವಾರದೊಳಗೆ ಹೋಗಬೇಕಂತೆ. ಸಿಟ್ಟು ನೆತ್ತಿಗೇರಿತು.

"ನೀನ್ ಇಲ್ಲೇ ಇದ್ರೆ ನಾನ್ ಅಲ್ಲ್ ಎಂತ ಮಾಡೂದ್?"

"ಓದೂದ್."

"ನಿಂಗೆ ನನ್ ಕಂಡ್ರೆ ಇಷ್ಟ ಇಲ್ಲ್ಯಾ?"

ಅವನು ರಸ್ತೆ ನೋಡಿದ, ಸಮುದ್ರ ನೋಡಿದ, ಕೊನೆಗೆ ನನ್ನನ್ನು ನೋಡಿದ. ಕಿವಿ ಕೆಂಪಾಗಿತ್ತು.

"ಇಷ್ಟ ಇಲ್ದಿದ್ರೆ ಆ ಬಸ್ಸಿನ ರಶ್ಶಲ್ಲ್ ಈ ಕಾಗ್ದ ಮಡ್ಚದೆ ತರ್ತಿದ್ನಾ ಹೆಣ್ಣೆ?"

ಅಲ್ಲೇ ನಿಂತು ಅತ್ತುಬಿಟ್ಟೆ. ಕುಂದಾಪುರದ ಬಸ್ಸು ಬಂದು ಹೋಯಿತು.

ಇಬ್ಬರೂ ನಮ್ಮ ಮನೆಗೆ ಬಂದಾಗ ಅಪ್ಪಯ್ಯ ಚಾವಡಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಭೋಜರಾಜ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

"ಮೈಸೂರೂ ಬೇಡ, ಗಿಯ್ಸೂರೂ ಬೇಡ," ಅಂದರು ಅಪ್ಪಯ್ಯ. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲ, ಇವ್ನ ಪುಸ್ತಕ್ದಲ್ಲ್ ನೀನ್ ಎಂತಕ್ಕೆ ಬರ್ದದ್?"

ಏನಾದರೂ ಸುಳ್ಳು ಹೇಳಬಹುದಿತ್ತು. ಮುಚ್ಚಿಟ್ಟು ಮುಚ್ಚಿಟ್ಟು ನನಗೂ ಸಾಕಾಗಿತ್ತು.

"ಇವ ಅಂದ್ರೆ ನಂಗ್ ಪ್ರೀತಿ, ಅಪ್ಪಯ್ಯ."

ಸುಣ್ಣದ ಬೆರಳು ಹಾಗೇ ನಿಂತಿತು. ನನ್ನನ್ನೂ ಅವನನ್ನೂ ನೋಡಿದರು. ಬಯ್ಯಲಿಲ್ಲ.

"ಮೈಸೂರಿಗೆ ಎಷ್ಟ್ ಹೊತ್ತಿನ ದಾರಿ?"

"ಒಂದ್ ದಿನ ಹಿಡಿತ್ತ್," ಅಂದ ಭೋಜರಾಜ.

"ನೀನ್ ಬಿಜೂರಲ್ಲೇ ಇಪ್ಪುದಲ್ದಾ?"

"ಹೌದ್."

"ಹಾಂಗಾರೆ ಕಾಗ್ದ ಕೊಡ್. ಸೈ ಹಾಕ್ತೆ."

ಅಷ್ಟು ದೂರ ಕಳಿಸಿದರೆ ಮಗಳು ಇವನನ್ನು ಮರೆಯುತ್ತಾಳೆ ಎಂಬ ಲೆಕ್ಕ. ನಮಗಿಬ್ಬರಿಗೂ ಅರ್ಥವಾಯಿತು. ಅಪ್ಪಯ್ಯ ಪೆನ್ನಿಗಾಗಿ ಅತ್ತಿತ್ತ ತಡಕಾಡಿದರು. ಕೊಡಬೇಡ ಎಂದು ನಾನು ಅವನನ್ನು ಕಣ್ಣಲ್ಲೇ ಬೇಡಿಕೊಂಡೆ. ಭೋಜರಾಜ ಕಿಸೆಯಿಂದ ತನ್ನ ಪೆನ್ನು ತೆಗೆದು, ಕ್ಯಾಪ್ ಬಿಚ್ಚಿ, ಅಪ್ಪಯ್ಯನ ಕೈಗೆ ಕೊಟ್ಟ.