ಅವರು ಎದ್ದ ಸದ್ದು

ಇದು ಹಾಡಹಗಲೇ ನಡೆದದ್ದು, ನಾನೇನೂ ಕುಡಿದಿರಲಿಲ್ಲ. ತೀರಿಹೋದ ಬ್ಲೂಸ್ ಗಿಟಾರ್ ವಾದಕರೊಬ್ಬರ ಸೋಲೋ ಆಲ್ಬಂ, ಸಂಗ್ರಹಕಾರರಿಗೆಂದು ಮತ್ತೆ ವಿನೈಲ್ ಗ್ರಾಮಫೋನ್ ತಟ್ಟೆಯಾಗಿ ಬರುವುದಿತ್ತು. ಹಳೆಯ ಟೇಪಿನಿಂದ ಬೇಡದ ಸದ್ದು ತೆಗೆಯುವ ಕೆಲಸ ನನ್ನದು. ಅವರು ಅದನ್ನು ನುಡಿಸಿದ್ದೂ ನನ್ನ ಸ್ಟುಡಿಯೋದಲ್ಲೇ, ಮೂಲೆಯ ಮರದ ಕುರ್ಚಿಯಲ್ಲಿ ಕೂತು.

ಮಾದರಿ ತಟ್ಟೆ ಕೇಳಲು ಅವರ ಹೆಂಡತಿ ಬಂದರು. ಗಿಟಾರ್ ನಿಂತ ಮೇಲೂ ಕಿವಿಗೊಟ್ಟೇ ಕೂತಿದ್ದರು.

"ಕೊನೇಲಿ ಅವ್ರು ಎದ್ದ ಸದ್ದು ಎಲ್ಲಿ ಹೋಯ್ತಪ್ಪಾ?"

"ಕುರ್ಚಿ ಕಿರ್ ಅಂತಿತ್ತು ಅಕ್ಕಾ, ತೆಗೆದುಬಿಟ್ಟೆ. ಬೇಕಿದ್ರೆ ಮತ್ತೆ ಸೇರಿಸ್ತೀನಿ."

ಅಕ್ಕ ಎದ್ದುಹೋಗಿ ಮೂಲೆಯ ಆ ಕುರ್ಚಿಯ ಮೇಲೆ ಕೈಯಿಟ್ಟರು. ಇಟ್ಟ ಕೈ ತೆಗೆಯಲಿಲ್ಲ.

"ಬೇಡ. ಅವ್ರು ಕೂತೇ ಇರ್ಲಿ ಬಿಡು."

ನಾನೂ ಮುಟ್ಟಿ ನೋಡಿದೆ. ಬೆಚ್ಚಗಿತ್ತು.

ತಟ್ಟೆಗಳೆಲ್ಲ ಮಾರಿಹೋಗಿ ವರ್ಷವಾಯಿತು. ಅಕ್ಕ ಈಗಲೂ ಮಧ್ಯಾಹ್ನ ಬಂದು, ಕುರ್ಚಿಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂರುತ್ತಾರೆ. ಅದರ ಬಿಸಿ ಇನ್ನೂ ಆರಿಲ್ಲ.