ಹದಿನಾರನೆಯ ಕಮಾನು

“ಹದಿನೈದು ಕಮಾನಿಗೆ ಏನ್ ಬೇಕಾದ್ರೂ ಮಾಡ್ರಿ ಸಾಹೇಬ್ರ. ಹದಿನಾರನೇದಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ.”

ಕಲ್ಲುಕೆಲಸದ ಗೌಂಡಿ ಮೊಹಿನುದ್ದೀನ್ ಇದನ್ನು ನೆಲ ನೋಡುತ್ತಾ ಹೇಳಿದ. ಓವರ್‌ಸಿಯರ್ ದೇವಿದಾಸನಿಗೆ ನಗು ತಡೆಯಲಾಗಲಿಲ್ಲ. ಸೊಲ್ಲಾಪುರದಿಂದ ಬಂದು ಎಂಟು ದಿನವಾಗಿತ್ತಷ್ಟೆ. ಈ ಕಲ್ಯಾಣಿ ಊರಿನಲ್ಲಿ ಗಿಡಕ್ಕೊಂದು ದೆವ್ವ, ಬಾವಿಗೊಂದು ಜಿನ್ನು ಎಂದು ಅವನಾಗಲೇ ಹೆಂಡತಿಗೆ ಕಾಗದ ಬರೆದಿದ್ದ.

“ನಿಮ್ಮೂರ ದೆವ್ವಕ್ಕ ಹದಿನಾರರ ತನಕ ಎಣಸಾಕ ಬರ್ತದೇನು ಮಿಸ್ತ್ರಿ?”

ನಿಜಾಮನ ಆಳ್ವಿಕೆ ಮುಗಿದು ವರ್ಷ ದಾಟಿತ್ತು. ಕೋಟೆಯಾಚೆ ಪಾಳುಬಿದ್ದಿದ್ದ ಗುಂಡುಮಹಲನ್ನು ಕಚೇರಿ ಮಾಡಬೇಕು, ಜನವರಿ ಇಪ್ಪತ್ತಾರಕ್ಕೆ ಅಲ್ಲಿ ಬಾವುಟ ಹಾರಬೇಕು ಎಂದು ಹುಕುಂ ಬಂದಿತ್ತು. ಆ ಮಹಲು ಕಟ್ಟಿಸಿದ ಜಾಗೀರದಾರನ ತಲೆ ನೆಟ್ಟಗಿರಲಿಲ್ಲ ಎನ್ನಬೇಕು. ಹೊರಗಿನಿಂದ ಅದು ಬೋರಲು ಹಾಕಿದ ಹಂಡೆ. ಕಿಟಕಿಯಿಲ್ಲ, ಮೂಲೆಯಿಲ್ಲ. ಗುಮ್ಮಟದ ನೆತ್ತಿ ಮಾತ್ರ ತೆರೆದಿದ್ದು, ಮಧ್ಯಾಹ್ನ ನಡು ನೆಲದ ಮೇಲೆ ಬಿಸಿಲಿನ ಒಂದು ಚಕ್ರ ಬೀಳುತ್ತಿತ್ತು. ಅದರ ಸುತ್ತ ಕತ್ತಲಲ್ಲಿ ಕರಿಗಲ್ಲಿನ ಹದಿನಾರು ಕಮಾನುಗಳು. ಬಾವಲಿಯ ಹಿಕ್ಕೆಯ ಗಬ್ಬು. ಪಿಸುಗುಟ್ಟಿದರೂ ಮಾತು ಗೋಡೆ ಸುತ್ತಿ ಬಂದು ಬೆನ್ನ ಹಿಂದೆ ಕೇಳಿಸುತ್ತಿತ್ತು. ಹದಿನಾರನೆಯ ಕಮಾನಿಗೆ ನಡುವೆ ಬಿಗಿದು ಕೂರಿಸುವ ನೆತ್ತಿಗಲ್ಲೇ ಇರಲಿಲ್ಲ. ಎರಡು ಕಡೆಯ ಕಲ್ಲುಗಳು ನಡುವೆ ಗೇಣು ಸಂದು ಬಿಟ್ಟು, ಯಾವ ಆಸರೆಯೂ ಇಲ್ಲದೆ, ಎಂಬತ್ತು ವರ್ಷದಿಂದ ಬಾಗಿ ನಿಂತಿದ್ದವು. ಓದಿದ ಪುಸ್ತಕದ ಪ್ರಕಾರ ಅದು ಎಂದೋ ಬೀಳಬೇಕಿತ್ತು. ದೇವಿದಾಸನಿಗೆ ಅದರ ಮೇಲೆ ಸಿಟ್ಟೇ ಬಂದಿತ್ತು.

ಮೊಹಿನುದ್ದೀನ್ ದನಿ ತಗ್ಗಿಸಿದ. “ನಮ್ಮ ಕಡೆ ಒಂದು ದಸ್ತೂರ್ ಅದ್ರಿ. ಕಮಾನಿನ ಆಸರಿ ಕಟಗಿ ಬಿಚ್ಚು ಅಂದವನೇ ಗಾರಿ ಆರೋ ತನಕ ಅದರ ಕೆಳಗ ಕೂಡಬೇಕು. ತನ್ನ ಜೀವ ಕೆಳಗಿದ್ರ ಗಾರಿ ಹಸಿ ಇದ್ದಾಗ ಯಾರೂ ಅವಸರ ಮಾಡಂಗಿಲ್ಲ. ಜಾಗೀರದಾರ ತಾ ಕೂಡಲಿಲ್ಲ. ನರಸಿಂಗ ಅನ್ನೋ ಗೌಂಡಿನ್ನ ಕಟ್ಟಿ ಕೂಡಿಸಿದ. ನೆತ್ತಿಗಲ್ಲು ಅವನ ತಲಿ ಮ್ಯಾಲೆ ಬಿತ್ತು.”

“ಆಮ್ಯಾಲೆ?”

“ಅವನ ಹೆಂಡ್ತಿ ಸರುಬಾಯಿ ಮಾಟ ಮಾಡಿದಳ್ರಿ. ಗಂಡನ ರಕ್ತದಾಗ ಸುಣ್ಣ ಕಲಸಿ, ಕೂದಲ, ಮೊಳಿ ಕೂಡಿಸಿ, ಉಂಡಿ ಮಾಡಿ ಆ ಸಂದಿನ್ಯಾಗ ಇಟ್ಟಳು. ಮೂರನೇ ದಿನ ಜಾಗೀರದಾರ ಹಾಸಿಗ್ಯಾಗ ಸತ್ತ. ಮೈಮ್ಯಾಲೆ ಇದ್ದದ್ದು ಒಂದು ಚಾದರ. ಪಕ್ಕೆಲುಬು ಮಾತ್ರ ಎಲ್ಲಾ ಪುಡಿ.”

“ಅಜ್ಜಿ ಕತಿ,” ಎಂದ ದೇವಿದಾಸ. ಅವನ ಜೀವವೆಲ್ಲ ಹುಮನಾಬಾದಿನಲ್ಲಿತ್ತು. ಹೆಂಡತಿ ಶಕುಂತಲಾಬಾಯಿ ಅಲ್ಲಿ ತವರಿನಲ್ಲಿ ದಿನ ತುಂಬಿ ಕೂತಿದ್ದಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಬಸಿರು. ಹದಿನಾರನೆಯ ಕಮಾನು ಮುಗಿಯುವ ತನಕ ರಜೆಯ ಮಾತೆತ್ತಬೇಡ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

ತಾನೇ ಏಣಿ ಹತ್ತಿ ಸಂದಿಗೆ ಕೈ ಹಾಕಿದ. ಬೆರಳಿಗೆ ಏನೋ ಮೆತ್ತಗೆ ಹತ್ತಿತು. ಎಳೆದ. ಸುಣ್ಣದ ಉಂಡೆ, ಎಂಬತ್ತು ವರ್ಷವಾದರೂ ಹಸಿ. ಕಟುಕರ ಅಂಗಡಿಯ ನಾತ ಮೂಗಿಗೆ ಹೊಡೆಯಿತು. ಉಂಡೆಯೊಳಗಿನ ಮೊಳೆ ಅಂಗೈ ಸೀಳಿತು. ಅವನು ಅದನ್ನು ಕೆಳಗೆಸೆದು, ಇಳಿದು ಬಂದು ಬೂಟಿನಿಂದ ಹೊಸಕಿದ. ಮೊಹಿನುದ್ದೀನ್ ಕಣ್ಣು ಮುಚ್ಚಿಕೊಂಡ.

ಕೆಳಗೆ ಕಟ್ಟಿಗೆಯ ಆಸರೆ ಕಟ್ಟಿದರು. ಹೊಸ ನೆತ್ತಿಗಲ್ಲು ತನ್ನ ಜಾಗ ಗೊತ್ತಿದ್ದಂತೆ ಹೋಗಿ ಕೂತಿತು. ಗಾರೆ ಆರಲು ಇಪ್ಪತ್ತೊಂದು ದಿನ ಬೇಕು. ನಾಲ್ಕನೆಯ ದಿನ ಹುಮನಾಬಾದಿನಿಂದ ಸುದ್ದಿ ಬಂತು: ಗಂಡು ಮಗು.

“ಇವತ್ತೇ ಆಸರಿ ಬಿಚ್ಚು.”

“ಗಾರಿ ಹಸಿ ಅದ್ರಿ.”

“ಬಿಚ್ಚು ಅಂದೆ.”

“ಹಾಂಗಿದ್ರ ಕೆಳಗ ನೀವು ಕೂಡ್ರಿ ಸಾಹೇಬ್ರ. ಕೈ ಮುಗೀತೀನಿ.”

ದೇವಿದಾಸ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಕೂಡೋದು ನಿನ್ನ ಕೆಲಸ. ಹೋದ ವರ್ಷದ ಗಲಾಟಿ ಮರ್ತೇನು? ರಜಾಕಾರರು ಅಂತ ಹೆಸರು ಬರಕೊಳ್ಳೋವ್ರು ಇನ್ನೂ ಊರಾಗ ಅದಾರ.”

ನಿಜಾಮನ ರಾಜ್ಯ ಬಿದ್ದಾಗ ಮುಸಲ್ಮಾನರ ಮೇಲೆ ನಡೆದ ಆ ಗಲಾಟೆಯಲ್ಲಿ ಮೊಹಿನುದ್ದೀನ್ ಇಬ್ಬರು ತಮ್ಮಂದಿರನ್ನು ಒಂದೇ ಗುಂಡಿಯಲ್ಲಿ ಮಣ್ಣು ಮಾಡಿದ್ದ. ಅವನು ಹೋಗಿ ಕಮಾನಿನ ಕೆಳಗೆ ಕೂತ. ಹೇಳಬಾರದ ಮಾತು ಹೇಳಿದೆನೆಂದು ದೇವಿದಾಸನಿಗೆ ಅನಿಸದೇ ಇರಲಿಲ್ಲ. ಆದರೂ ಬಿಸಿಲಿನ ಚಕ್ರದ ನಡುವೆ, ಯಾವ ಕಲ್ಲಿಗೂ ಸಿಗದಷ್ಟು ದೂರ ನಿಂತು ಕೈ ಎತ್ತಿದ.

ಆಳುಗಳು ಆಸರೆ ಬಡಿದು ಕೆಡವಿದರು. ಕಮಾನು ನರಳಿತು. ಬೀಳಲಿಲ್ಲ.

“ಎಲ್ಲಿದಾಳೋ ನಿಮ್ಮ ಸರುಬಾಯಿ?” ದೇವಿದಾಸ ನಕ್ಕ.

ನಗು ಅರ್ಧಕ್ಕೆ ನಿಂತಿತು. ಎದೆಯ ಮೇಲೆ ಏನೋ ಕೂತಿತ್ತು. ನೋಡಿದ. ಏನೂ ಇಲ್ಲ. ಬರೀ ಬಿಸಿಲು. ಭಾರ ಹೆಚ್ಚಿತು. ಒಣ ಜೋಳದ ದಂಟು ಮುರಿದ ಸದ್ದು. ಒಂದು ಪಕ್ಕೆಲುಬು. ಮೊಣಕಾಲೂರಿದ. ಇನ್ನೊಂದು ಸದ್ದು. ಬಾಯಿಂದ ರಕ್ತ ಬುಳಕ್ಕೆಂದಿತು. ಮೂಗಿನಲ್ಲಿ ಹಸಿ ಸುಣ್ಣ. ನಾಲಿಗೆಯ ಮೇಲೆ ಸುಣ್ಣ. ಮೂರು. ನಾಲ್ಕು. ಆಳುಗಳು ಕಿರುಚುತ್ತಾ ಓಡಿದರು. ಬೆನ್ನು ನೆಲಕ್ಕೊತ್ತಿತು. ಮುರಿದ ಎಲುಬು ಅಂಗಿ ಹರಿದು ಹೊರಬಂತು. ಕೂಗಲು ಉಸಿರಿಲ್ಲ.

“ಇಲ್ಲಿ ಬರ್ರಿ,” ಕತ್ತಲೊಳಗಿಂದ ಮೊಹಿನುದ್ದೀನ್ ಕೈ ಚಾಚಿದ. “ಕೆಳಗ ಬಂದು ಕೂಡ್ರಿ ಸಾಹೇಬ್ರ. ಬ್ಯಾರೆ ದಾರಿ ಇಲ್ಲ.”

ತೆವಳಿದ. ಉಗುರು ಕಿತ್ತುಬಂದವು. ಐದು. ಆರು. ತಾನು ಹೆದರಿಸಿದ ಮನುಷ್ಯನ ಕೈ ಹಿಡಿದ. ಆ ಕೈ ಅವನನ್ನು ದರದರನೆ ಒಳಗೆಳೆದುಕೊಂಡಿತು. ಭಾರ ಇಳಿಯಿತು.

ಇಳಿದದ್ದು ಕಮಾನಿನ ಕೆಳಗೆ ಮಾತ್ರ. ಇದೆಲ್ಲ ಹುಚ್ಚು ಎಂದು ಮರುದಿನ ಇಬ್ಬರು ಜವಾನರು ಅವನನ್ನು ಹೊರಗೆಳೆಯಲು ಹೋದರು. ಕಮಾನು ದಾಟಿದ ಎಡಗಾಲು ಅವರ ಕೈಯಲ್ಲೇ ಜಜ್ಜಿಹೋಗಿ ನೆಲಕ್ಕಂಟಿತು. ಆಮೇಲೆ ಯಾರೂ ಮುಟ್ಟಲಿಲ್ಲ. ಬಾವುಟ ಬೇರೆ ಕಟ್ಟಡದ ಮೇಲೆ ಹಾರಿತು. ಮೊಹಿನುದ್ದೀನ್ ದಿನಾ ರೊಟ್ಟಿ, ನೀರು ತಂದಿಟ್ಟು ಹೋಗುತ್ತಿದ್ದ.

ಬಾಣಂತನ ಮುಗಿಸಿ ಶಕುಂತಲಾಬಾಯಿ ಬಂದಳು. ಬಿಸಿಲಿನ ಚಕ್ರದಲ್ಲಿ ಕೂಸನ್ನೆತ್ತಿಕೊಂಡು ನಿಂತು ಅತ್ತಳು. ನಡುವೆ ಎರಡೇ ಮಾರು.

“ನೀವು ಬರಾಕ ಆಗದಿದ್ರ ನಾನೇ ಒಳಗ ತರ್ತೀನ್ರಿ. ಒಮ್ಮೆ ಎತ್ಕೊಳ್ರಿ.”

ದೇವಿದಾಸ ತಲೆಯೆತ್ತಿ ನೆತ್ತಿಗಲ್ಲು ನೋಡಿದ. ಹಸಿ ಗಾರೆಯ ಒಂದು ಹನಿ ಹಣೆಯ ಮೇಲೆ ಬಿತ್ತು. ತಿಂಗಳುಗಟ್ಟಲೆ ಆದರೂ ಗಾರೆ ಇನ್ನೂ ಆರಿರಲಿಲ್ಲ.

“ಬ್ಯಾಡ,” ಎಂದ. “ಇದರ ಕೆಳಗ ಅವನ್ನ ತರಬ್ಯಾಡ. ಅಲ್ಲೇ ಬಗ್ಗಿಸಿ ಹಿಡಿ.”

ಅವಳು ಕಮಾನಿನ ಅಂಚಿನ ತನಕ ಬಂದು ಬಗ್ಗಿಸಿ ಹಿಡಿದಳು. ಅವನು ಬಲಗೈಯನ್ನು ಕಮಾನಿನಾಚೆ ಚಾಚಿದ. ಮೊದಲು ಬೆರಳುಗಳು ಮುರಿದವು, ಆಮೇಲೆ ಮಣಿಕಟ್ಟು. ಹಲ್ಲು ಕಚ್ಚಿ, ಉಳಿದ ಹೆಬ್ಬೆರಳಿನಿಂದ ಮಗನ ಅಂಗಾಲು ಮುಟ್ಟಿದ. ಎಲುಬು ಮುರಿಯುವ ಸದ್ದಿಗೆ ಕೂಸು ಎಚ್ಚರವಾಗಿ ಅಳತೊಡಗಿತು.